ಕೈಯಲ್ಲಿ ಹಿಡಿಯುವ ಡಾಪ್ಲರ್: ಹೆರಿಗೆ ಕೋಣೆಗೆ ಸರಿ, ಮನೆಗೆ ಬೇಡ

ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಸಣ್ಣ ಹೆರಿಗೆ ಕೋಣೆಗಳಿಗೆ ಈ ಬ್ಯಾಟರಿ ಡಾಪ್ಲರ್, ಅಂದರೆ ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಕೇಳಿಸುವ ಯಂತ್ರ, ಹೇಳಿಮಾಡಿಸಿದಂತಿದೆ; ಮಳೆಗಾಲದಲ್ಲಿ ಕರೆಂಟು ಹೋದರೂ ಮಗುವಿನ ಎದೆಬಡಿತ ಕೇಳುತ್ತದೆ. ಹೊಟ್ಟೆಯ ಮೇಲಿಡುವ ಭಾಗ, ಅಂದರೆ ಪ್ರೋಬ್, 2 ಮೆಗಾಹರ್ಟ್ಸ್‌ನದು, ತುಂಬು ತಿಂಗಳ ಹೊಟ್ಟೆಗೆ ಸಾಕು. ಮೊದಲು ಹೊಟ್ಟೆ ಮುಟ್ಟಿ ಮಗುವಿನ ಬೆನ್ನು ಯಾವ ಕಡೆಗಿದೆ ನೋಡಿ. ಅಲ್ಲಿ ಜೆಲ್ ಧಾರಾಳ ಹಾಕಿ ಪ್ರೋಬನ್ನು ನಿಧಾನಕ್ಕೆ ವಾಲಿಸಿ. ಕುದುರೆ ಓಡಿದಂತೆ ಟಕಟಕ ಅಂದರೆ ಮಗುವಿನದು. ಗಾಳಿ ಬೀಸಿದ ಹಾಗೆ ‘ಶೂ ಶೂ’ ಅಂದರೆ ತಾಯಿಯ ಗರ್ಭಕೋಶದ ರಕ್ತನಾಳದ್ದು.

ಎಡವುವುದು ಇಲ್ಲೇ. ಹೆರಿಗೆ ನೋವಿನಲ್ಲಿ ತಾಯಿಯ ನಾಡಿಯೇ ನಿಮಿಷಕ್ಕೆ 110 ದಾಟಬಹುದು, ಪರದೆ ಅದನ್ನೇ ಮಗುವಿನದೆಂದು ತೋರಿಸುತ್ತದೆ. ಹಾಗಾಗಿ ಇನ್ನೊಂದು ಕೈ ತಾಯಿಯ ಮಣಿಕಟ್ಟಿನ ಮೇಲಿರಲಿ. ಪರದೆ ಕೆಲವೊಮ್ಮೆ ಬಡಿತವನ್ನು ಅರ್ಧ ಅಥವಾ ದುಪ್ಪಟ್ಟು ಎಣಿಸುವುದೂ ಉಂಟು. ಅಂಕಿಗಿಂತ ಕಿವಿ ವಾಸಿ. ನೋವು ಇಳಿದ ಕೂಡಲೇ ಪೂರ್ತಿ 1 ನಿಮಿಷ ಕೇಳಬೇಕು. ಮಗುವಿನ ಬಡಿತ ನಿಮಿಷಕ್ಕೆ 110ರಿಂದ 160 ಸಹಜ. ಮುಕ್ಕರಿಯುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ.

ಕೈಪಿಡಿಯಲ್ಲಿ ಕನ್ನಡ ಇಲ್ಲ. ಗಡಿಯವರಿಗೆ ಇದೇನು ಹೊಸದಲ್ಲ ಬಿಡಿ.

ಮನೆಗೆಂದು ಕೊಳ್ಳಬೇಡಿ. ಮಗುವಿನ ಮಿಸುಕಾಟ ಕಡಿಮೆಯಾದ ದಿನ ಈ ಟಕಟಕ ಕೇಳಿ ಸಮಾಧಾನಪಟ್ಟು ಕೂತರೆ ಅಪಾಯ. ಆಗ ಹೋಗಬೇಕಾದ್ದು ಆಸ್ಪತ್ರೆಗೆ.