ಆನ್‌ಲೈನ್ ಕೋರ್ಸಿನ ಪರೀಕ್ಷೆಗೆ ಹಣ ಕಟ್ಟುವ ಮುನ್ನ ಮೇಲ್ ಐಡಿ ನೋಡಿಕೊಳ್ಳಿ

ಕೊಪ್ಪಳ ಜಿಲ್ಲೆಯ ಕಾಲೇಜುಗಳಲ್ಲಿ ಓದುವ ಎಲ್ಲರೂ, ಅದರಲ್ಲೂ ಮೊದಲ ಸಲ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣವಾದ ಸ್ವಯಂ ಪೋರ್ಟಲ್‌ನ ಕೋರ್ಸಿಗೆ ಸೇರುವವರು, ಹೋದ ಸೆಮಿಸ್ಟರಿನಲ್ಲಿ ನನಗಾದ ನಷ್ಟವನ್ನು ದಯವಿಟ್ಟು ಓದಿಕೊಳ್ಳಬೇಕು. ಈ ಕೋರ್ಸುಗಳಿಂದ ಪಡೆದು ಪದವಿಗೆ ಸೇರಿಸಿಕೊಳ್ಳಬಹುದಾದ ಕ್ರೆಡಿಟ್‌ಗಳ ಮಿತಿಯನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲಿ ಶೇ. 20ರಿಂದ ಶೇ. 40ಕ್ಕೆ ಏರಿಸಿದ ಮೇಲೆ, ಪ್ರಮಾಣಪತ್ರ ಕೈತಪ್ಪಿದರೆ ಅಂಕಪಟ್ಟಿಯಲ್ಲಿ ಒಂದು ವಿಷಯವೇ ಬಾಕಿ ಉಳಿಯಬಹುದು.

ನಾನು ಸೇರಿದ್ದು ಸ್ವಯಂನಲ್ಲಿ ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನ 12 ವಾರಗಳ ಕೋರ್ಸಿಗೆ. ಪಾಠ ಕೇಳುವುದು ಉಚಿತ. ಪರೀಕ್ಷೆಗೆ ಮಾತ್ರ ಶುಲ್ಕ. ಪರೀಕ್ಷಾ ನೋಂದಣಿ ಕೋರ್ಸಿನ ಆರಂಭದ ವಾರಗಳಲ್ಲೇ ಮುಗಿಯುವುದರಿಂದ, ಫೋಟೊ ಮತ್ತು ಸಹಿ ಸ್ಕ್ಯಾನ್ ಮಾಡಿಸಲು ಗಂಗಾವತಿಯ ಒಂದು ಕಂಪ್ಯೂಟರ್ ಅಂಗಡಿಗೆ ಅವಸರದಲ್ಲಿ ಹೋದೆ. ಹಿಂದೊಮ್ಮೆ ನನ್ನ ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಅವರೇ ನನ್ನ ಹೆಸರಿನಲ್ಲಿ ಇನ್ನೊಂದು ಜಿಮೇಲ್ ಖಾತೆ ತೆರೆದಿದ್ದರು. ಆ ಖಾತೆಯಿಂದಲೇ ನನ್ನನ್ನು ಕೋರ್ಸಿಗೆ ಮತ್ತೊಮ್ಮೆ ಸೇರಿಸಿ, ಪರೀಕ್ಷೆಗೂ ಅರ್ಜಿ ಹಾಕಿ, 1000 ರೂಪಾಯಿ ಕಟ್ಟಿಸಿದರು. ಪರದೆಯ ಬಲಮೂಲೆಯ ಪುಟ್ಟ ವೃತ್ತದಲ್ಲಿ ನನ್ನ ಹೆಸರಿನ ಮೊದಲ ಅಕ್ಷರವೇ ಇತ್ತು. ಆದರೆ ನನ್ನ ಮೊಬೈಲಿನಲ್ಲಿ ಆ ವೃತ್ತ ಹಸಿರು, ಅಲ್ಲಿ ನೇರಳೆ. ನೋಡಿಯೂ ನಾನು ಕೇಳಲಿಲ್ಲ. ಮುಂದೆ ಹಾಲ್ ಟಿಕೆಟ್ ಬಂದಾಗಲೂ ನನಗೆ ಮೇಲ್ ಬರಲಿಲ್ಲ, ಅಂಗಡಿಯವರೇ ಕರೆದು ಪ್ರಿಂಟ್ ಕೊಟ್ಟರು. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು.

ಹನ್ನೆರಡೂ ವಾರ ಮೊಬೈಲಿನಿಂದ ಅಸೈನ್‌ಮೆಂಟ್ ಸಲ್ಲಿಸಿ, ಬೆಳಗಿನ ಜಾವ ಎದ್ದು ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಬರೆದು ಬಂದೆ. ಫಲಿತಾಂಶದಲ್ಲಿ ಪರೀಕ್ಷೆಗೆ 75ಕ್ಕೆ 52, ಅಸೈನ್‌ಮೆಂಟಿಗೆ 25ಕ್ಕೆ ಸೊನ್ನೆ ಎಂದಿತ್ತು. ಪರೀಕ್ಷೆಯಲ್ಲಿ ಕನಿಷ್ಠ 30, ಅಸೈನ್‌ಮೆಂಟಿನಲ್ಲಿ ಕನಿಷ್ಠ 10 ಎರಡೂ ಬರಲೇಬೇಕೆಂಬ ನಿಯಮವಿರುವುದರಿಂದ ನನಗೆ ಪ್ರಮಾಣಪತ್ರ ಸಿಗಲಿಲ್ಲ.

ಸಾವಿರಾರು ಜನ ಒಟ್ಟಿಗೆ ಕಲಿಯುವ ಇಂಥ ವ್ಯವಸ್ಥೆಯಲ್ಲಿ ಮುಖ ನೋಡಿ ಗುರುತು ಹಿಡಿಯುವ ಮೇಷ್ಟ್ರು ಇರುವುದಿಲ್ಲ. ಅಸೈನ್‌ಮೆಂಟಿನ ಬಹುಆಯ್ಕೆಯ ಉತ್ತರಗಳನ್ನು ತಂತ್ರಾಂಶವೇ ತಿದ್ದಿ, ಆ ಅಂಕಗಳನ್ನು ಲಾಗಿನ್ ಆದ ಮೇಲ್ ಐಡಿಯ ಕೆಳಗೆ ಬರೆದಿಡುತ್ತದೆ. ಕೊನೆಗೆ ಪರೀಕ್ಷೆಯ ಅಂಕಗಳನ್ನು ಅದರ ಜೊತೆ ಕೂಡಿಸುವಾಗಲೂ ಆ ಐಡಿಯನ್ನೇ ಹುಡುಕುತ್ತದೆ. ಹೆಸರು, ಕಾಲೇಜು, ಹುಟ್ಟಿದ ದಿನಾಂಕ ಎಲ್ಲವೂ ಒಂದೇ ಆಗಿದ್ದರೂ ಐಡಿ ಎರಡಾದರೆ ಅದರ ಲೆಕ್ಕದಲ್ಲಿ ವ್ಯಕ್ತಿಗಳೂ ಇಬ್ಬರು. ಒಬ್ಬ ಹನ್ನೆರಡು ವಾರ ಓದಿ ಪರೀಕ್ಷೆಗೆ ಹೋಗಲಿಲ್ಲ, ಇನ್ನೊಬ್ಬ ಏನನ್ನೂ ಸಲ್ಲಿಸದೆ ನೇರವಾಗಿ ಪರೀಕ್ಷೆ ಬರೆದ ಎಂದು ಅದು ತಿಳಿದುಕೊಂಡಿತು. ನೋಂದಣಿಗೆ ಒಂದೇ ಮೇಲ್ ಐಡಿ ಬಳಸಬೇಕೆಂಬ ಸೂಚನೆಯನ್ನು ನಾನು ಓದಿದ್ದು ಇಷ್ಟೆಲ್ಲ ಆದ ಮೇಲೆ.

ನಮ್ಮ ಕಡೆ ಮನೆಯಲ್ಲಿ ಕಂಪ್ಯೂಟರ್ ಇರುವ ವಿದ್ಯಾರ್ಥಿಗಳು ಕಡಿಮೆ. ಅಂಗಡಿಗೆ ಹೋಗಬೇಡಿ ಎಂದು ನಾನು ಹೇಳಲಾರೆ. ಹೋದಾಗ ಅಲ್ಲಿ ಮೊದಲೇ ತೆರೆದಿರುವ ಖಾತೆಯಿಂದ ಲಾಗ್‌ಔಟ್ ಮಾಡಿಸಿ, ನಿಮ್ಮ ಪಾಸ್‌ವರ್ಡನ್ನು ನೀವೇ ಒತ್ತಿ ಒಳಹೋಗಿ, ಕೆಲಸ ಮುಗಿದ ಮೇಲೆ ನೀವೇ ಹೊರಬನ್ನಿ. ಹಣ ಕಟ್ಟುವ ಮುನ್ನ ಅದೇ ಲಾಗಿನ್‌ನಲ್ಲಿ ಕೋರ್ಸಿನ ಪುಟ ತೆರೆದು, ಈವರೆಗೆ ನೀವು ಸಲ್ಲಿಸಿದ ಅಸೈನ್‌ಮೆಂಟ್‌ಗಳು ಅಲ್ಲಿ ಕಾಣುತ್ತವೆಯೇ ಎಂದು ನೋಡಿ. ಆ ಪುಟ ಖಾಲಿ ಇದ್ದರೆ, ಹಿಂದೆ ಎಷ್ಟೇ ಜನ ಸಾಲಿನಲ್ಲಿ ನಿಂತಿದ್ದರೂ, ಹಣ ಕಟ್ಟಬೇಡಿ.