ಆಕ್ಟಿವ್ ಸ್ಪೀಕರಾ, ಪ್ಯಾಸಿವ್ ಸ್ಪೀಕರಾ: ಬಾಗಲಕೋಟೆಯ ಮನೆಯಲ್ಲಿ ಎರಡೂ ಇಟ್ಟು ಕೇಳಿದ್ದು

ನವನಗರದ ನಮ್ಮ ಮನೆಯಲ್ಲಿ ಎರಡು ಜೋಡಿ ಸ್ಪೀಕರ್ ಇವೆ. ಹಿಂದಿನ ಸಣ್ಣ ಕೋಣೆಯಲ್ಲಿ ಐದು ಇಂಚಿನ ಆಕ್ಟಿವ್ ಮಾನಿಟರ್, ಅಂದರೆ ಆಂಪ್ಲಿಫೈಯರ್ ಪೆಟ್ಟಿಗೆಯೊಳಗೇ ಇರುವ ಸ್ಟುಡಿಯೋ ಸ್ಪೀಕರ್. ಹಾಲ್‌ನಲ್ಲಿ ಆರೂವರೆ ಇಂಚಿನ ಪ್ಯಾಸಿವ್ ಬುಕ್‌ಶೆಲ್ಫ್, ಅದಕ್ಕೆ ಹೊರಗೊಂದು ಸ್ಟೀರಿಯೋ ಆಂಪ್ಲಿಫೈಯರ್ (ಆಂಪ್). ಕೋಣೆಯಲ್ಲಿ ನಾನು ಜಾನಪದ ಹಾಡು ಮಿಕ್ಸ್ ಮಾಡುತ್ತೇನೆ. ಹಾಲ್‌ನಲ್ಲಿ ಅಪ್ಪ ಮನ್ಸೂರರನ್ನೂ ಭೀಮಸೇನ ಜೋಶಿಯವರನ್ನೂ ಕೇಳುತ್ತಾರೆ. ಯಾವುದು ತಗೊಳ್ಳಲಿ ಅಂತ ಕೇಳುವವರು ಜಾಸ್ತಿ ಆದಾಗ ಅಲ್ಲಿಯದನ್ನು ಇಲ್ಲಿ, ಇಲ್ಲಿಯದನ್ನು ಅಲ್ಲಿ ಇಟ್ಟು ಕೇಳಿದೆ. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಮೇಜಿನ ಮುಂದೆ ಕೂತು ಕೆಲಸ ಮಾಡುವವರಿಗೆ ಆಕ್ಟಿವ್, ಮನೆಮಂದಿ ಕೇಳುವ ಹಾಲ್‌ಗೆ ಪ್ಯಾಸಿವ್. ಹಾಲ್‌ನ ವಿಷಯದಲ್ಲಿ ನನ್ನ ಮನಸ್ಸು ಪ್ಯಾಸಿವ್ ಕಡೆ ವಾಲಿದ್ದು ಧ್ವನಿ ಕೇಳಿ ಅಲ್ಲ, ನಮ್ಮ ಕಡೆಯ ಕರೆಂಟು, ರಿಪೇರಿ ನೋಡಿ.

ಆಂಪ್ ಒಳಗಿದ್ದರೆ ಆಕ್ಟಿವ್ ಅನ್ನುವುದು ಅರ್ಧ ಮಾತು. ಕ್ರಾಸ್‌ಓವರ್, ಅಂದರೆ ದಪ್ಪ ಧ್ವನಿಯನ್ನೂ ತೆಳು ಧ್ವನಿಯನ್ನೂ ಬೇರ್ಪಡಿಸುವ ಭಾಗ, ಎಲ್ಲಿದೆ ಅಂತಲೂ ನೋಡಬೇಕು. ಪ್ಯಾಸಿವ್‌ನಲ್ಲಿ ಆಂಪ್‌ನಿಂದ ಬಂದ ಪವರ್ ಪೆಟ್ಟಿಗೆಯೊಳಗಿನ ಕಾಯಿಲ್, ಕೆಪಾಸಿಟರ್, ರೆಸಿಸ್ಟರ್ ದಾಟಿಕೊಂಡು ದಪ್ಪ ಧ್ವನಿಯ ವೂಫರ್‌ಗೂ ತೆಳು ಧ್ವನಿಯ ಟ್ವೀಟರ್‌ಗೂ ಹಂಚಿಕೆಯಾಗುತ್ತದೆ, ಒಂದಿಷ್ಟು ಅಲ್ಲೇ ಬಿಸಿಯಾಗಿ ಹೋಗುತ್ತದೆ. ನಿಜವಾದ ಆಕ್ಟಿವ್‌ನಲ್ಲಿ ಸಿಗ್ನಲ್ ಇನ್ನೂ ಸಣ್ಣದಿರುವಾಗಲೇ ಹಂಚಿಕೆ ಮುಗಿದಿರುತ್ತದೆ, ಆಮೇಲೆ ಒಂದೊಂದಕ್ಕೂ ಬೇರೆ ಆಂಪ್. ಯಮಹಾ ಎಚ್‌ಎಸ್5 ನೋಡಿ, ವೂಫರ್‌ಗೆ 45 ವ್ಯಾಟ್, ಟ್ವೀಟರ್‌ಗೆ 25 ವ್ಯಾಟ್. ಆಂಪ್‌ಗೂ ಕೋನಿಗೂ ನಡುವೆ ಕಾಯಿಲ್‌ನ ಕಾಟ ಇಲ್ಲ. ಹಾಗಂತ ಸ್ಟುಡಿಯೋ ಅಂದರೆ ಆಕ್ಟಿವ್ ಅಂತ ರೂಲ್ ಏನೂ ಇಲ್ಲ. ಬಿಳಿ ಕೋನಿನ ಯಮಹಾ ಎನ್‌ಎಸ್-10 ಪ್ಯಾಸಿವ್. 1978ರಲ್ಲಿ ಮನೆಯಲ್ಲಿ ಕೇಳಲಿ ಅಂತ ಬಿಟ್ಟಿದ್ದು, ಆಮೇಲೆ ಲೋಕದ ಸ್ಟುಡಿಯೋಗಳೆಲ್ಲ ಅದನ್ನು ಇಟ್ಟುಕೊಂಡವು. ಅದೇ ವರ್ಷ ಫಿನ್‌ಲ್ಯಾಂಡ್‌ನಲ್ಲಿ ಜೆನೆಲೆಕ್ ಶುರುವಾಗಿ ಅಲ್ಲಿನ ರೇಡಿಯೋದವರಿಗೆ ಆಕ್ಟಿವ್ ಮಾನಿಟರ್ ಮಾಡಿಕೊಟ್ಟಿತು.

ಹೋಲಿಸುವಾಗ ಒಂದು ಕೆಲಸ ತಪ್ಪಿಸಬೇಡಿ. ಎರಡರ ವಾಲ್ಯೂಮ್ ಸಮ ಮಾಡಿ. ಒಂದು ಡೆಸಿಬಲ್ ಜೋರಾಗಿದ್ದರೂ ಕಿವಿ ಅದನ್ನೇ "ಚಲೋ ಐತಿ" ಅನ್ನುತ್ತದೆ. ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸುವ ಶ್ಶ್ ಅನ್ನುವ ಸದ್ದು) ಹಾಕಿ, ಮೊಬೈಲಿನ ಮೀಟರ್ ಆ್ಯಪ್ ಅನ್ನು ಕೂರುವ ಜಾಗದಲ್ಲಿಟ್ಟು ಹೊಂದಿಸಿದೆ. ಇಷ್ಟಾದ ಮೇಲೆ ಮೊದಲು ಅನಿಸಿದ್ದ ವ್ಯತ್ಯಾಸದಲ್ಲಿ ಅರ್ಧ ಮಾಯ.

ಉಳಿದ ಅರ್ಧ ಹಲಗಿಯಲ್ಲಿ ಸಿಕ್ಕಿತು. ಹಲಗಿಯ ಪೆಟ್ಟು ಬಿದ್ದು, ಚರ್ಮದ ಕಂಪನ ನಿಲ್ಲುವ ಜಾಗ ಇರುತ್ತದಲ್ಲ, ಆಕ್ಟಿವ್‌ನಲ್ಲಿ ಅದು ಗೆರೆ ಎಳೆದಂತೆ ಕೇಳುತ್ತದೆ. ಪ್ಯಾಸಿವ್‌ನಲ್ಲಿ ಸ್ವಲ್ಪ ದುಂಡಗೆ, ಕೇಳಲು ಹಿತ, ಆದರೆ ಎಲ್ಲಿ ಕತ್ತರಿ ಹಾಕಬೇಕು ಅನ್ನುವುದು ಗೊತ್ತಾಗುವುದಿಲ್ಲ. ಹಾರ್ಮೋನಿಯಂ ಮತ್ತು ಹೆಣ್ಣುದನಿ ಒಂದೇ ಸ್ಥಾಯಿಯಲ್ಲಿ ಸೇರಿದಾಗಲೂ ಅಷ್ಟೇ, ಆಕ್ಟಿವ್‌ನಲ್ಲಿ ಎರಡೂ ಬೇರೆ ಬೇರೆ ಕಾಣುತ್ತವೆ. ಮಿಕ್ಸ್ ಮಾಡುವವನಿಗೆ ಬೇಕಾದದ್ದು ಇದೇ.

ಆದರೆ ಐದು ಇಂಚಿನ ಕೋನಿಗೆ ತಳದ ಬೇಸ್ ಎಲ್ಲಿಂದ ಬರಬೇಕು? ಎಚ್‌ಎಸ್5ನ ಲೆಕ್ಕದಲ್ಲೇ 74 ಹರ್ಟ್ಸ್‌ಗಾಗಲೇ ಮೂರು ಡೆಸಿಬಲ್ ಇಳಿದಿರುತ್ತದೆ. ನಮ್ಮ ಹಾಡುಗಾರರ ಬೇಡಿಕೆ ಏನು ಗೊತ್ತಾ? "ಅಣ್ಣಾರ, ಕಬ್ಬಿನ ಟ್ರ್ಯಾಕ್ಟರ್‌ನ್ಯಾಗ ಹಚ್ಚಿದ್ರ ಎದಿ ನಡುಗಬೇಕ್ರಿ." ಮುಧೋಳ, ಜಮಖಂಡಿ ಕಡೆ ಕಾರ್ಖಾನೆ ಶುರುವಾದರೆ ಹಾಡು ಹಿಟ್ಟೋ ಫ್ಲಾಪೋ ಅಂತ ತೀರ್ಮಾನ ಆಗುವುದು ಟ್ರ್ಯಾಕ್ಟರಿನ ಮೇಲೇ. ಹಾಗಾಗಿ ಆಕ್ಟಿವ್‌ನಲ್ಲಿ ಮಿಕ್ಸ್ ಮಾಡಿದ್ದನ್ನು ಕಳಿಸುವ ಮುಂಚೆ ಹಾಲ್‌ನ ಪ್ಯಾಸಿವ್‌ನಲ್ಲಿ ಒಮ್ಮೆ ಕೇಳುತ್ತೇನೆ. ಬೇಸ್ ಹೆಚ್ಚಾಗಿದ್ದರೆ ಅಪ್ಪ ಒಳಗಿಂದಲೇ ಕೂಗುತ್ತಾರೆ, ಬೇರೆ ಮೀಟರ್ ಬೇಡ.

ಕೋಣೆಯ ಕಥೆ ಬೇರೆಯೇ ಇದೆ. ಕೆಳಗೆ ಫರಸಿ, ಮೇಲೆ ಆರ್‌ಸಿಸಿ, ನಾಲ್ಕೂ ಕಡೆ ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ಟಣ್ ಅನ್ನುತ್ತದೆ. ಇಂಥಲ್ಲಿ ಹಿಂದೆ ತೂತಿರುವ ಪ್ಯಾಸಿವ್ ಜೋಡಿಯನ್ನು ಗೋಡೆಗೆ ಆನಿಸಿ ಇಟ್ಟೆ, ಬೇಸ್ ಗುಂಯ್‌ಗುಟ್ಟಿತು. ಗೋಡೆಯಿಂದ ದೂರ ಎಳೆಯೋಣ ಅಂದರೆ ಜಾಗ ಇಲ್ಲ. ಆಕ್ಟಿವ್ ಹಿಂದೆ ಒಂದು ಸಣ್ಣ ಸ್ವಿಚ್ ಇದೆ, ಗೋಡೆಯ ಹತ್ತಿರ ಇಟ್ಟಾಗ ಬೇಸ್ ತಗ್ಗಿಸಲು. ಅದನ್ನು ಒತ್ತಿದರೆ ಮುಗಿಯಿತು. ಗೋಡೆಗೆ ಅವ್ವ ಹೊಲಿದ ಕೌದಿ ತೂಗುಹಾಕಿದ್ದೇನೆ. ತೆಳು ಧ್ವನಿಯ ಹಾರಾಟ ನಿಂತಿತು. ಬೇಸ್ ಮಾತ್ರ ಕೌದಿಗೆ ಬಗ್ಗುವುದಿಲ್ಲ.

ಆಕ್ಟಿವ್‌ನ ಕಿರಿಕಿರಿಯನ್ನೂ ಹೇಳಬೇಕಲ್ವಾ? ರಾತ್ರಿ ಫ್ಯಾನ್ ನಿಲ್ಲಿಸಿ ಕೂತರೆ ಟ್ವೀಟರ್‌ನಿಂದ ಸಣ್ಣಗೆ ಸ್‌ಸ್ ಅನ್ನುವ ಸದ್ದು ಬರುತ್ತದೆ, ಕೈ ಅಳತೆಯ ದೂರದಲ್ಲಿ ಕೂತವನಿಗೆ ಅದು ಕೇಳಿಯೇ ಕೇಳುತ್ತದೆ. ಇನ್ನೊಂದು ಹಮ್. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿದರೆ ಗುಂ, ತೆಗೆದರೆ ಸುಮ್ಮನೆ. ಇದು ಗ್ರೌಂಡ್ ಲೂಪ್. ಸ್ಪೀಕರಿಗೂ ಲ್ಯಾಪ್‌ಟಾಪಿಗೂ ಬೇರೆ ಬೇರೆ ಪ್ಲಗ್‌ನಿಂದ ಅರ್ಥಿಂಗ್, ನಡುವೆ ಆರ್‌ಸಿಎ ವೈರ್ ಸೇರಿ ಸುತ್ತು ಪೂರ್ತಿಯಾಗುತ್ತದೆ. ಆಡಿಯೋ ಇಂಟರ್‌ಫೇಸ್‌ನಿಂದ (ಲ್ಯಾಪ್‌ಟಾಪಿಗೆ ಜೋಡಿಸುವ ಸೌಂಡ್ ಡಬ್ಬಿ) ಇಂಥ ಹಮ್ ತಡೆಯುವ ಬ್ಯಾಲೆನ್ಸ್ಡ್ ಕೇಬಲ್ ಎಳೆದ ಮೇಲೆ ಹೋಯಿತು. ಯಾರೋ ಪ್ಲಗ್‌ನ ಮೂರನೇ ಪಿನ್, ಅಂದರೆ ಅರ್ಥಿಂಗ್ ಪಿನ್, ಮುರಿದುಬಿಡಿ ಅಂತ ಸಲಹೆ ಕೊಡುತ್ತಾರೆ, ಕೇಳಬೇಡಿ, ಅದು ಜೀವಕ್ಕೆ ಅಪಾಯ.

ಈಗ ಕರೆಂಟ್. ಬೇಸಿಗೆಯಲ್ಲಿ ಸಂಜೆ ವೋಲ್ಟೇಜ್ ಇಳಿಯುತ್ತದೆ, ಹೋದ ಕರೆಂಟ್ ಬರುವಾಗ ಒಮ್ಮೆ ಜಿಗಿಯುತ್ತದೆ. ಹಿಂದೆ ನನ್ನ ಹತ್ತಿರ ಬೇರೊಂದು ಕಂಪನಿಯ ಆಕ್ಟಿವ್ ಜೋಡಿ ಇತ್ತು, ಹೆಸರು ಬೇಡ. ಒಂದು ದಿನ ಒಂದು ಪೆಟ್ಟಿಗೆ ಸುಮ್ಮನಾಯಿತು. ಹಿಂದಿನ ಪ್ಲೇಟ್ ಬಿಚ್ಚಿ ಬೋರ್ಡನ್ನು ಪೇಟೆಯ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ಲೆನ್ಸ್ ಹಿಡಿದು ನೋಡಿ, "ಐಸಿ ಮ್ಯಾಲಿನ ನಂಬರ್ ಕೆರದ ಹಾಕ್ಯಾರ್ರಿ, ಏನಂತ ತರಿಸ್ಲಿ?" ಅಂದರು. ಬೋರ್ಡ್ ಬೆಂಗಳೂರಿಗೆ ಹೋಗಿ ಬರುವವರೆಗೆ ಒಂಟಿ ಪೆಟ್ಟಿಗೆ ಮೇಜಿನ ಮೇಲೆ ಕೂತಿತ್ತು. ಅದೇ ಅಂಗಡಿಯವರೇ ಅಪ್ಪನ ಪ್ಯಾಸಿವ್ ಜೋಡಿಯ ಕ್ರಾಸ್‌ಓವರಿನಲ್ಲಿ ಒಣಗಿದ್ದ ಕೆಪಾಸಿಟರ್ ಬದಲಿಸಿ, ನಾನು ಚಹಾ ಕುಡಿದು ಬರುವುದರೊಳಗೆ ಕೊಟ್ಟಿದ್ದರು. ಪ್ಯಾಸಿವ್‌ನಲ್ಲಿ ಆಂಪ್ ಕೆಟ್ಟರೆ ಆಂಪ್ ಮಾತ್ರ ಹೋಗುತ್ತದೆ, ನೆಂಟರ ಮನೆಯಿಂದ ಇನ್ನೊಂದು ತಂದು ಹಚ್ಚಿದರೂ ನಡೆಯುತ್ತದೆ. ಆಕ್ಟಿವ್ ತಗೊಳ್ಳುವವರು ಸ್ಟೆಬಿಲೈಜರ್ ದುಡ್ಡನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ಯಾಸಿವ್‌ಗೆ ದೊಡ್ಡ ಆಂಪ್ ಬೇಕು ಅನ್ನುವ ಭಯ ಸುಮ್ನೆ. ಸೆನ್ಸಿಟಿವಿಟಿ 86 ಡೆಸಿಬಲ್ ಇರುವ ಸ್ಪೀಕರ್ ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 86 ಕೊಡುತ್ತದೆ, ಹತ್ತು ವ್ಯಾಟ್‌ಗೆ 96. ಮನೆಗೆ ಅಸಲಿ 50 ವ್ಯಾಟ್ ಧಾರಾಳ. 5000 ವ್ಯಾಟ್ ಪಿಎಂಪಿಒ (ಉಬ್ಬಿಸಿ ಹೇಳುವ ಪವರ್ ಲೆಕ್ಕ) ಅಂತ ಸ್ಟಿಕ್ಕರ್ ಅಂಟಿಸಿದ ಡಬ್ಬಿ ಕಂಡರೆ ಮುಂದೆ ನಡೆಯಿರಿ. ವೈರ್‌ಗೂ ಸಾವಿರಾರು ಸುರಿಯಬೇಡಿ, ಮನೆ ವೈರಿಂಗ್‌ಗೆ ಬಳಸುವ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಸಾಕು.

ಅಂಗಡಿಯಲ್ಲಿ ಬ್ಲೂಟೂತ್ ಇರುವ "ಆಕ್ಟಿವ್" ಜೋಡಿ ತೋರಿಸಿದರೆ ಹಿಂದೆ ತಿರುಗಿಸಿ ನೋಡಿ. ಒಂದರಲ್ಲಿ ಮಾತ್ರ ಕರೆಂಟ್ ವೈರ್ ಇದ್ದು, ಇನ್ನೊಂದಕ್ಕೆ ಬರೀ ಎರಡೆಳೆ ವೈರ್ ಹೋಗಿದ್ದರೆ ಅದು ಒಳಗೆ ಆಂಪ್ ಕೂರಿಸಿದ ಪ್ಯಾಸಿವ್. ಕೆಟ್ಟದ್ದಲ್ಲ, ಟಿವಿ ಪಕ್ಕಕ್ಕೆ ಚೆನ್ನಾಗಿರುತ್ತದೆ, ಸ್ಟುಡಿಯೋ ಮಾನಿಟರ್ ಬೆಲೆ ಕೊಡಬೇಡಿ ಅಷ್ಟೇ. ಸೆಕೆಂಡ್ ಹ್ಯಾಂಡ್ ಪ್ಯಾಸಿವ್ ಸಿಕ್ಕರೆ ಜಾಲರಿ ತೆಗೆದು ಕೋನಿನ ಸುತ್ತಲಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಫೋಮ್ ಆಗಿದ್ದು ಪುಡಿ ಉದುರಿದರೆ ಬೆಲೆ ಇಳಿಸಲು ಹೇಳಿ, ಇಲ್ಲವೇ ಬಿಡಿ. ರಬ್ಬರ್ ಅಂಚಿದ್ದು ಇನ್ನೂ ಮೆತ್ತಗಿದ್ದರೆ ಯೋಚಿಸದೆ ಎತ್ತಿಕೊಂಡು ಬನ್ನಿ.