ಹೋಂಡಾ ಎಸ್2000: ಜಪಾನಿನದೋ, ಅಮೆರಿಕದ್ದೋ?

ಈ ಸ್ಪೋರ್ಟ್ಸ್ ಕಾರಿನ ಯಾವ ದೇಶದ ಆವೃತ್ತಿ ಮೇಲು? ಜಪಾನಿನದರ 2 ಲೀಟರ್ ಎಂಜಿನ್‌ಗೆ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ-ಇಂಧನವನ್ನು ಒತ್ತುವ ಪ್ರಮಾಣ) 11.7:1, ಶಕ್ತಿ 250 ಅಶ್ವಶಕ್ತಿ. ಅಮೆರಿಕ, ಯುರೋಪಿಗೆ ಹೋದದ್ದರಲ್ಲಿ 11:1, ಸುಮಾರು 240. ಈ ಹತ್ತು ಅಶ್ವಶಕ್ತಿಯ ವ್ಯತ್ಯಾಸಕ್ಕೆ ಮರುಳಾಗಬೇಡಿ. ಹೆಚ್ಚು ಕಂಪ್ರೆಷನ್‌ಗೆ ಹೆಚ್ಚು ಆಕ್ಟೇನ್‌ನ ಪೆಟ್ರೋಲ್ ಬೇಕು; ಸಿಗದಿದ್ದರೆ ನಾಕಿಂಗ್ (ಇಂಧನ ತಾನಾಗಿಯೇ ಹೊತ್ತಿಕೊಂಡು ಎಂಜಿನ್ ಬಡಿಯುವುದು) ತಪ್ಪಿಸಲು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಿಡಿ ಹೊತ್ತುವ ಕ್ಷಣವನ್ನು ತಡಮಾಡುತ್ತದೆ, ಲಾಭ ಅಲ್ಲಿಗೇ ಕರಗುತ್ತದೆ. ಪಂಪಿನ ಆಕ್ಟೇನ್ ಅಂಕಿಯನ್ನೂ ನೇರ ಹೋಲಿಸಬೇಡಿ: ಅಮೆರಿಕದ 91 ಎಂದರೆ ಜಪಾನಿನ ಅಳತೆಯಲ್ಲಿ ಸುಮಾರು 95-96.

ದೊಡ್ಡ ವ್ಯತ್ಯಾಸ ಶುರುವಾಗುವುದು 2004ರ ಮಾದರಿಯಿಂದ. ಅಮೆರಿಕಕ್ಕೆ ಸ್ಟ್ರೋಕನ್ನು (ಪಿಸ್ಟನ್ ಚಲಿಸುವ ದೂರ) 84ರಿಂದ 90.7 ಮಿ.ಮೀ.ಗೆ ಹೆಚ್ಚಿಸಿದ 2.2 ಲೀಟರ್ ಬಂತು. ರೆಡ್‌ಲೈನ್ (ಎಂಜಿನ್ ತಿರುಗಬಹುದಾದ ಗರಿಷ್ಠ ಆರ್‌ಪಿಎಂ) ಸುಮಾರು 9000ದಿಂದ 8000ಕ್ಕೆ ಇಳಿಯಿತು, ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಸುಧಾರಿಸಿತು. ಜಪಾನಿಗೂ ಆಮೇಲೆ ಇದೇ ಸಿಕ್ಕಿತು. ಯುರೋಪ್ ಮಾತ್ರ 2 ಲೀಟರ್ ಬಿಡಲಿಲ್ಲ.

ದಿನನಿತ್ಯದ ಓಡಾಟಕ್ಕೆ 2.2 ಸಾಕು. ಹಳೆಯ 2 ಲೀಟರ್ ಕೊಳ್ಳುವುದಾದರೆ ವಾಲ್ವ್ ರಿಟೇನರ್ (ವಾಲ್ವ್ ಸ್ಪ್ರಿಂಗನ್ನು ಹಿಡಿದಿಡುವ ಬಿಲ್ಲೆ) ನೋಡಿಸಿ: ತಪ್ಪು ಗೇರಿಗೆ ಇಳಿಸಿ ಮಿತಿಮೀರಿ ತಿರುಗಿಸಿದ್ದರೆ ಅದು ಬಿರುಕು ಬಿಟ್ಟಿರಬಹುದು.